ತಮ್ಮನ ಪಥ್ಯ

ನನ್ನ ತಮ್ಮ ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಲಿವರ್ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಎದುರಿಗಿದ್ದವರ ಮುಖದಲ್ಲಿ ಅದೇ ಒಂದು ಪ್ರಶ್ನೆ ಮೂಡುತ್ತದೆ. ಮರ್ಯಾದಸ್ಥರು ಅದನ್ನು ನುಂಗಿಕೊಳ್ಳುತ್ತಾರೆ, ಉಳಿದವರು ಕೇಳಿಯೇ ಬಿಡುತ್ತಾರೆ. ಅವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ ದಿನ ನೋಡಲು ಬಂದ ದೂರದ ಸಂಬಂಧಿಕರೊಬ್ಬರು ನನ್ನನ್ನು ವರಾಂಡದ ಮೂಲೆಗೆ ಕರೆದು, "ಭಾಳ ಹಾಕ್ತಿದ್ನೇನವಾ?" ಎಂದು ಪಿಸುಗುಟ್ಟಿದರು. ನಾನು ಅವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲು ಬರುವುದಿಲ್ಲ. ತಂದಿದ್ದ ಬಾಳೆಹಣ್ಣನ್ನು ಬೆಂಚಿನ ಮೇಲಿಟ್ಟು ಅವರು ಹೋದರು. ಆಮೇಲೆ ನಮ್ಮ ಮನೆಯ ಕಡೆ ಬಂದಿಲ್ಲ. ಬರುವುದೂ ಬೇಡ.

ಅವನಿಗಿದ್ದ ಚಟವೆಂದರೆ ಎಲೆ ಅಡಿಕೆ, ಅದೂ ದಂಧೆಯಿಂದ ಅಂಟಿದ್ದು. ಸವಣೂರಿನ ತೋಟಗಳಿಂದ ವೀಳ್ಯದೆಲೆ ಎತ್ತಿ, ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರಿನ ಪಾನಂಗಡಿಗಳಿಗೆ ಹಾಕುತ್ತಿದ್ದ. ಬಿಸಿಲಿಗೆ ಎಲೆ ಬಾಡಬಾರದೆಂದು ಒದ್ದೆ ಗೋಣಿಚೀಲ ಹೊದಿಸಿ, ದಾರಿಯಲ್ಲಿ ನೀರು ಕಂಡಲ್ಲೆಲ್ಲ ನಿಂತು ಚಿಮುಕಿಸಿ, ಕೂಸನ್ನು ಒಯ್ದಂತೆ ಒಯ್ಯುತ್ತಿದ್ದ. ಮಾತು ಬಹಳ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಎತ್ತಿಕೊಂಡು ನಾನೇ ಮೊದಲು ಹುಟ್ಟಿಬಿಟ್ಟೆನೆಂದು ಅವ್ವ ಅನ್ನುತ್ತಿದ್ದಳು. ಅವನು ಜಗಳಕ್ಕೆ ಬಂದವನಲ್ಲ, ಎದುರು ಮಾತಾಡಿದವನಲ್ಲ. ಹೇಳಿದ್ದನ್ನು ಕೇಳಿಕೊಂಡು, ತನಗೆ ಸರಿ ಕಂಡದ್ದನ್ನು ಸದ್ದಿಲ್ಲದೆ ಮಾಡುವವನು. ಅಂಥವರನ್ನು ನಂಬುವುದು ಕಷ್ಟವೆಂದು ನನಗೆ ಆಗ ತಿಳಿದಿರಲಿಲ್ಲ.

ನಾನು ಹಾನಗಲ್ಲಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಓದಿದ್ದೂ ಅದನ್ನೇ. ಅವ್ವ ಇರುವುದು ತಿಳವಳ್ಳಿಯಲ್ಲಿ, ತಮ್ಮನ ಮನೆಯಲ್ಲಿ. ಅವಳೂ ಔಷಧಿ ಕೊಡುವವಳೇ, ಆದರೆ ಅವಳದು ಬೇರೆ ಔಷಧಿ. ನಮ್ಮದು ಕಾಮಣಿ ಔಷಧಿ ಕೊಡುವ ಮನೆತನ. ಕಣ್ಣು ಹಳದಿಯಾದವರು, ಮೂತ್ರ ಹಳದಿಯಾದವರು ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಾರೆ. ಅವ್ವ ಮಡಿಯುಟ್ಟು, ಅರೆದ ಸೊಪ್ಪನ್ನು ಹಾಲಿನಲ್ಲಿ ಕಲಸಿ ಕೊಡುತ್ತಾಳೆ. ಸೊಪ್ಪಿನ ಹೆಸರು ಹೇಳುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ಬಂದವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಇನ್ನೊಂದು ಕಟ್ಟುಪಾಡೂ ಇದೆ. ಕೊಡುವ ಮನೆಯಲ್ಲಿ ಹುಟ್ಟಿದವರಿಗೆ ಆ ಔಷಧಿ ಹತ್ತುವುದಿಲ್ಲ. ನನಗೆ ಚಿಕ್ಕಂದಿನಲ್ಲಿ ಕಾಮಣಿಯಾದಾಗ ಅವ್ವ ನನ್ನನ್ನು ಹತ್ತಿಮತ್ತೂರಿನ ಇನ್ನೊಂದು ಅಂಥದೇ ಮನೆಗೆ ಕರೆದೊಯ್ದು ಕುಡಿಸಿದ್ದಳು.

ಔಷಧಿ ಕುಡಿಸಿದ ಮೇಲೆ ಅವ್ವ ಪಥ್ಯ ಹೇಳುತ್ತಿದ್ದಳು. ಎಣ್ಣೆ ಬೇಡ, ಖಾರ ಬೇಡ, ಉಪ್ಪು ಬೇಡ, ಬೆಲ್ಲ ಬೇಡ, ಬೇಳೆ ಬೇಡ. ಮೆತ್ತನ್ನ ಅನ್ನ, ನೀರು ಮಜ್ಜಿಗೆ, ಅಷ್ಟೇ. "ಔಷಧಿ ನಂದು, ಪಥ್ಯ ನಿಂದು. ಪಥ್ಯ ಮುರದ್ರ ನನ್ನ ಕಡೆ ಬರಬ್ಯಾಡ," ಎನ್ನುವಾಗ ಅವಳ ಧ್ವನಿ ಪೊಲೀಸರ ಧ್ವನಿಯಂತಾಗುತ್ತಿತ್ತು. ನಾನು ಓದಿಕೊಂಡು ಬಂದ ಹೊಸದರಲ್ಲಿ ಅವಳ ಜೊತೆ ಬಹಳ ವಾದ ಮಾಡಿದ್ದೇನೆ. ನೀರಿನಿಂದ ಬರುವ ಕಾಮಣಿ ಬಹಳ ಮಂದಿಗೆ ತಾನಾಗಿಯೇ ಇಳಿಯುತ್ತದೆ, ನೀನು ಸುಮ್ಮನೆ ಹೆಸರು ತಗೋತಿ ಎಂದಿದ್ದೆ. ಅವ್ವ ಸಿಟ್ಟಾಗಲಿಲ್ಲ. "ನಿನ್ನ ಅಂಗಡ್ಯಾಗಿನ ಲಿವರ್ ಬಾಟ್ಲಿ ಏನ್ ಮಾಡ್ತಾವ?" ಎಂದು ಕೇಳಿದಳು. ಆ ಬಾಟಲಿಗಳು ಏನು ಮಾಡುತ್ತವೆಂದು ಮಾರುವ ನನಗೂ ಗೊತ್ತಿರಲಿಲ್ಲ. ಹೊಟ್ಟೆ ತೊಳಸಿದರೂ ಲಿವರ್ ಬಾಟಲಿ, ಊಟ ಸೇರದಿದ್ದರೂ ಲಿವರ್ ಬಾಟಲಿ. ಜನ ಕೇಳುತ್ತಾರೆ, ನಾನು ಕೊಡುತ್ತೇನೆ.

ತಮ್ಮನಿಗೆ ಬಲಪಕ್ಕೆ ನೋಯಲು ಶುರುವಾದಾಗ ಬೈಕಿನ ಮೇಲೆ ತಪ್ಪು ಹೊರಿಸಿದ. ಪ್ಯಾಂಟು ಸಡಿಲಾದಾಗ ಬಿಸಿಲಿನ ಮೇಲೆ ಹೊರಿಸಿದ. ನಾನು ಬೈದು ಹುಬ್ಬಳ್ಳಿಗೆ ಎಳೆದೊಯ್ದೆ. ಯಾವ ಕಾಲದಲ್ಲೋ, ಯಾವ ಸೂಜಿಯಿಂದಲೋ, ಮೈಯೊಳಗೆ ಹೊಕ್ಕ ಕಾಮಣಿಯ ಬಿ ವೈರಸ್ಸು ವರ್ಷಗಟ್ಟಲೆ ಸುಮ್ಮನೆ ಕೂತು ಒಳಗೊಳಗೇ ಕೆಲಸ ಮಾಡಿತ್ತು. ಲಿವರಿನ ಬಲಭಾಗದಲ್ಲಿ ಗಡ್ಡೆ. ಕಾಮಣಿ ಔಷಧಿ ಕೊಡುವ ಮನೆಯ ಮಗನಿಗೆ, ಔಷಧಿ ಅಂಗಡಿಯವಳ ತಮ್ಮನಿಗೆ, ಇಬ್ಬರ ಮೂಗಿನ ಕೆಳಗೇ ಅದು ಬೆಳೆದಿತ್ತು. ಅವತ್ತು ಬಸ್ಸಿನಲ್ಲಿ ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಕಂಡಕ್ಟರನ ಜೊತೆ ಜಗಳವಾಡಿದೆ.

ಆಪರೇಷನ್ ಮಾಡುವ ಡಾಕ್ಟರು ನಮ್ಮ ಸೀಮೆಯವರೇ, ಸಮಾಧಾನದ ಮನುಷ್ಯ. ಕಾಗದದ ಮೇಲೆ ಲಿವರಿನ ಚಿತ್ರ ಬರೆದು, ಬಲಗಡೆಯ ದೊಡ್ಡ ಪಾಲನ್ನು ಪೆನ್ನಿನಿಂದ ಗೀಟು ಹಾಕಿ ತೆಗೆದರು. "ಇಷ್ಟು ತಗೀಬೇಕ್ರಿ. ಉಳಿಯೂದು ಸಣ್ಣ ಪಾಲು. ಮನುಷ್ಯಾಗ ಅಷ್ಟು ಸಾಲೂದಿಲ್ಲ. ಆದ್ರ ಅದು ಬೆಳೀತೈತಿ. ಬೆಳೀಬೇಕು."

ತಮ್ಮ ಅವತ್ತು ಮೊದಲ ಸಲ ಬಾಯಿ ಬಿಟ್ಟ. "ಬೆಳೀತೈತ್ರಿ? ಕೊಯ್ದದ್ದು?"

"ಹೌದ್ರಿ. ಕೊಯ್ದ್ರೂ ತಿರುಗಿ ಬೆಳೆಯೂ ಅಂಗ ಅದು."

"ಎಲಿಬಳ್ಳಿ ಇದ್ದಂಗ," ಎಂದು ತಮ್ಮ ನನ್ನ ಕಡೆ ತಿರುಗಿದ. ಸವಣೂರಿನ ತೋಟದಲ್ಲಿ ಬಳ್ಳಿಯನ್ನು ಇಳಿಸಿ ಕೊಯ್ದರೆ ಮತ್ತೆ ಚಿಗುರುವುದನ್ನು ಅವನು ವರ್ಷವರ್ಷವೂ ನೋಡಿದವನು. ಅವನ ಮುಖದಲ್ಲಿ ಅಷ್ಟು ದಿನ ಇಲ್ಲದ ಗೆಲುವು ಕಂಡಿತು. ನನಗೂ ಜೀವ ಬಂದಂತಾಯಿತು.

ನಾನು ಅಂಗಡಿಯವಳ ಬುದ್ಧಿಯಿಂದ ಕೇಳಿದೆ. "ಲಗೂನ ಬೆಳ್ಯಾಕ ಔಷಧಿ ಏನರ ಐತೇನ್ರಿ? ಎಲ್ಲಿದ್ರೂ ಸೈ, ನಾ ತರಸ್ತೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬಹಳ ದಿನದಿಂದ ಹುಡುಕುತ್ತಿದ್ದಾರೆ ಎಂದರು. ಮೈಯೊಳಗೆ ಬೆಳವಣಿಗೆಗೆ ಹೇಳಿಕಳಿಸುವ ರಸಗಳಿವೆಯಂತೆ, ಅವನ್ನು ಹೊರಗಿನಿಂದ ಕೊಟ್ಟು ನೋಡಿದ್ದಾರೆ. ಲಿವರಿನ ಜೀವಕೋಶದೊಳಗೆ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವ ತಡೆಗಳೂ ಇವೆಯಂತೆ, ಆ ತಡೆಯನ್ನು ಸಡಿಲಿಸುವ ಗುಳಿಗೆಗಳ ಪರೀಕ್ಷೆಯೂ ನಡೆದಿದೆ. ಇಲಿಗಳಲ್ಲಿ ಚೆನ್ನಾಗಿ ಬೆಳೆದಿದೆ, ಮನುಷ್ಯರಲ್ಲಿ ಈಗೀಗ ಶುರುಮಾಡಿದ್ದಾರೆ. "ಆದ್ರ ಧೈರ್ಯಲೇ ಚೀಟಿ ಮ್ಯಾಲ ಬರದು ನಿಮ್ಮ ಕೈಯಾಗ ಕೊಡುವಂಥಾದ್ದು ಇನ್ನೂ ಇಲ್ರಿ. ಇನ್ನೊಂದು ಅಂಜಿಕಿನೂ ಐತಿ. ಬೆಳೀ ಅಂತ ಹೇಳೂ ಔಷಧಿ ಒಳ್ಳೆ ಭಾಗಕ್ಕಷ್ಟ ಹೇಳತೈತಂತ ಹೆಂಗ ಹೇಳೂದು? ಎಲ್ಲೋ ಗಡ್ಡಿಯ ಒಂದು ಕಾಳು ಉಳದಿದ್ರ ಅದಕ್ಕೂ ಕೇಳಸತೈತಿ."

ಆ ದಿನಗಳಲ್ಲಿ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ನಾನು ಮೊಬೈಲಿನಲ್ಲಿ ಅದನ್ನೇ ಓದುತ್ತಿದ್ದೆ. ತಿಳಿದದ್ದು ಸ್ವಲ್ಪ, ತಿಳಿಯದ್ದು ಬಹಳ. ಎಲ್ಲಿ ನೋಡಿದರೂ ಇಲಿ. ಇಲಿಯ ಲಿವರಿನ ಮುಕ್ಕಾಲು ಪಾಲು ಕತ್ತರಿಸಿದರಂತೆ, ಔಷಧಿ ಕೊಟ್ಟರಂತೆ, ಬೇಗ ಬೆಳೆಯಿತಂತೆ. ಓದಿ ಓದಿ ನನಗೆ ಇಲಿಗಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಬಣ್ಣಬಣ್ಣದ ಲಿವರ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದು ದಿನ ಅವನ್ನೆಲ್ಲ ತೆಗೆದು ಕೆಳಗಿನ ಖಾನೆಗೆ ತಳ್ಳಿದೆ. ಜನ ಹೆಸರು ಹೇಳಿ ಕೇಳುತ್ತಲೇ ಇದ್ದರು, ಬಗ್ಗಿ ತೆಗೆದು ಕೊಡುತ್ತಲೇ ಇದ್ದೆ.

ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಹೊರಗೆ ಬಂತು. ತಮ್ಮ ಎದ್ದು ಕುಳಿತ, ಕೋಲು ಹಿಡಿದು ವಾರ್ಡಿನಲ್ಲಿ ಅಡ್ಡಾಡಿದ. ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿಕೊಂಡರು. ನಾನು, ಅವ್ವ, ತಮ್ಮನ ಹೆಂಡತಿ. ವೈರಸ್ಸನ್ನು ಅದುಮಿಡುವ ಒಂದು ಗುಳಿಗೆ ದಿನಾ ತಪ್ಪಬಾರದು. ಗಾಂವಠಿ ಔಷಧಿ, ನಾಟಿ ಔಷಧಿ ಯಾವುದೂ ಕೂಡದು. ಇದನ್ನು ಹೇಳುವಾಗ ಅವರು ಅವ್ವನ ಕಡೆ ನೋಡಲಿಲ್ಲ, ಅವ್ವನ ದಂಧೆ ಅವರಿಗೆ ಗೊತ್ತಿತ್ತೋ ಇಲ್ಲವೋ. ಅವ್ವ ತಲೆಯಾಡಿಸಿದಳು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು.

"ಬೆಳಸೂ ಔಷಧಿ ಕೇಳಿದ್ರಲ್ಲ, ಸದ್ಯಕ್ಕ ಅದು ಊಟಾ ನೋಡ್ರಿ. ಬರೇ ಅನ್ನಾ ಉಂಡ್ರ ಬೆಳೆಯೂದಿಲ್ಲ. ಬ್ಯಾಳಿ, ಹಾಲು, ಮಸರು, ಶೇಂಗಾ, ತತ್ತಿ. ದಿನಾ ತತ್ತಿ. ಸ್ವಲ್ಪ ಸ್ವಲ್ಪ ಮಾಡಿ ನಾಕಾರು ಸಲ ಉಣ್ಣಸ್ರಿ. ಮೈ ಕಟ್ಟಾಕ ಸಾಮಾನು ಬೇಕಲ್ರಿ."

ನಮ್ಮದು ಲಿಂಗ ಕಟ್ಟಿದ ಮನೆ. ಕೋಳಿಯ ತತ್ತಿ ನಮ್ಮ ಹೊಸ್ತಿಲು ದಾಟಿ ಬಂದದ್ದಿಲ್ಲ. ಔಷಧಿ ಅರೆಯುವ ಕಲ್ಲು ಇರುವುದು ಅದೇ ಅಡಿಗೆಮನೆಯಲ್ಲಿ. ಅವ್ವ ಏನು ಅನ್ನುತ್ತಾಳೋ ಎಂದು ದಾರಿಯುದ್ದಕ್ಕೂ ಅಂಜುತ್ತ ಬಂದೆ. ಮನೆ ಮುಟ್ಟಿದ ಮೇಲೆ ಸೊಸೆಗೆ ಹೇಳಿದಳು. "ಹಿತ್ತಲದಾಗ ಒಂದ್ ಒಲಿ ಹೂಡು. ಬ್ಯಾರೆ ಭಾಂಡಿ ಇಡು. ಅಲ್ಲೇ ಕುದಸು, ಅಲ್ಲೇ ಕುಂತು ಉಣ್ಲಿ." ನನಗೆ ಅವ್ವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಅಪ್ಪಿಕೊಳ್ಳುವ ರೂಢಿ ಇಲ್ಲ, ಹಾಗಾಗಿ ಚಹಾ ಮಾಡಿ ಕೊಟ್ಟೆ.

ತಮ್ಮನ ಹೆಂಡತಿಗೆ ತತ್ತಿ ಕುದಿಸಲು ಬರುತ್ತಿರಲಿಲ್ಲ. ಪಾಪ, ಮುಟ್ಟಲೂ ಹೆದರುತ್ತಿದ್ದಳು. ನಾನೇ ಕಲಿಸಿದೆ. ಬಾಳೆಗಿಡದ ಮಗ್ಗುಲಿಗೆ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ತಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಣ್ಣುವುದೆಂದಾಯಿತು. "ಉಣ್ಣುವಾಗ ಯಾರೂ ಬರಬ್ಯಾಡ್ರಿ, ನನಗ ನಾಚಿಕಿ ಬರ್ತೈತಿ," ಎಂದ. ಆ ಹೊತ್ತಿಗೆ ಅವ್ವ ಮುಂದಿನ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಅವನ ಹೆಂಡತಿ ತಾಟು ಇಟ್ಟು ಒಳಗೆ ಬರುತ್ತಿದ್ದಳು. ತತ್ತಿಯ ತಾಟಿನ ಜೊತೆ ಬೇಳೆ ಪಲ್ಯ, ಮೊಸರು, ಶೇಂಗಾ ಎಲ್ಲವೂ ಹಿತ್ತಲಿಗೆ ಹೋಗತೊಡಗಿದವು. ಎಲ್ಲ ಒಂದೇ ಸಲಕ್ಕೆ ಮುಗಿಸುತ್ತೇನೆ ಎನ್ನುತ್ತಿದ್ದ. ಒಳಗೆ ಬಂದು ಅವ್ವನ ಮುಂದೆ ಒಂದಿಷ್ಟು ಅನ್ನ ಮಜ್ಜಿಗೆ ಉಣ್ಣುತ್ತಿದ್ದ. ಅದು ಅವ್ವನ ಸಮಾಧಾನಕ್ಕೆ ಎಂದುಕೊಂಡಿದ್ದೆವು. ನಾನು ಅಂಗಡಿ ಮುಚ್ಚಿಕೊಂಡು ಬಂದಾಗಲೆಲ್ಲ ತೊಳೆದಿಟ್ಟ ತಾಟು ನೋಡಿ ಸಂತೋಷಪಡುತ್ತಿದ್ದೆ.

ಆದರೆ ಆಪರೇಷನ್ ಆದ ಮೇಲೆ ಅವನ ಕಣ್ಣಿಗೆ ಏರಿದ ಹಳದಿ ಇಳಿಯಲಿಲ್ಲ. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಮುಂದೆ ಬಂತು. ಮತ್ತೆ ಹುಬ್ಬಳ್ಳಿಗೆ ಹೋದೆವು. ಹೊಟ್ಟೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ನೀರು ಇಳಿಸುವ ಗುಳಿಗೆ ಬರೆದರು. "ಊಟದಾಗ ಉಪ್ಪು ಕಡಿಮಿ ಮಾಡ್ರಿ," ಎಂದರು.

ಆಗ ತಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪರೀಕ್ಷೆಯಲ್ಲಿ ತನ್ನ ಉತ್ತರ ಸರಿಯೆಂದು ಗೊತ್ತಾದವನ ನೋಟ. ಅದರ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ. ಅವ್ವ ಹೇಳುವ ಪಥ್ಯದಲ್ಲೂ ಉಪ್ಪಿಲ್ಲ, ಇಷ್ಟು ದೊಡ್ಡ ಡಾಕ್ಟರೂ ಉಪ್ಪು ಬೇಡವೆಂದರು, ಅಂದ ಮೇಲೆ ಉಳಿದದ್ದೂ ನಿಜವೇ ಇರಬೇಕು ಎಂದು ಅವನ ಲೆಕ್ಕ. ಆ ಲೆಕ್ಕ ಅವನ ತಲೆಯಲ್ಲಿ ಮುಗಿದುಹೋಗಿತ್ತು, ಆಗ ನಾನು ಆಸ್ಪತ್ರೆಯ ಬಾಗಿಲಲ್ಲಿ ಆಟೋ ಕರೆಯುತ್ತಿದ್ದೆ.

ಒಂದು ಅಮಾವಾಸ್ಯೆಯ ದಿನ ಅಂಗಡಿ ತೆರೆಯದೆ, ಫೋನೂ ಮಾಡದೆ ತಿಳವಳ್ಳಿಗೆ ಹೋದೆ. ಅವ್ವ ಮುಂದಿನ ಕಟ್ಟೆಯ ಮೇಲಿದ್ದಳು, ಅಂದರೆ ಅವನು ಉಣ್ಣುತ್ತಿದ್ದಾನೆ. ನಾಚಿಕೆಯೇನು, ಅಕ್ಕನಲ್ಲವೇ ಎಂದುಕೊಂಡು ಓಣಿಯ ಕಡೆಯಿಂದ ಸುತ್ತಿ ಹಿತ್ತಲಿಗೆ ಹೋದೆ. ತಮ್ಮ ಕಲ್ಲಿನ ಮೇಲೆ ಕೂತಿದ್ದ. ತತ್ತಿಯನ್ನು ಕೈಯಲ್ಲಿ ಮುರಿದು ಮುರಿದು ಓಣಿಯ ಕೆಂಪು ನಾಯಿಗೆ ಹಾಕುತ್ತಿದ್ದ. ನಾಯಿ ಬಾಲ ಅಲ್ಲಾಡಿಸುತ್ತ, ದಿನದ ಗಿರಾಕಿಯ ಸಲುಗೆಯಿಂದ ಅವನ ಮೊಣಕಾಲಿಗೆ ಮೂತಿ ಒತ್ತಿತ್ತು. ಬೇಳೆಯ ಬಟ್ಟಲು ಅದರ ಮುಂದೆ ಖಾಲಿಯಾಗಿತ್ತು. ಆ ನಾಯಿಯ ಮೈ ಎಷ್ಟು ಮಿರಿಮಿರಿ ಮಿಂಚುತ್ತಿತ್ತು! ನನ್ನ ತಮ್ಮನ ಭುಜದ ಎಲುಬು ಅಂಗಿಯೊಳಗಿಂದ ಕಾಣುತ್ತಿತ್ತು.

ನಾನು ಕಿರುಚಿದೆ. ಅಕ್ಕಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕುವಷ್ಟು ಕಿರುಚಿದೆ. ನಾಯಿಗೆ ಕಲ್ಲು ಬೀಸಿದೆ. "ಸಾಯಬೇಕಂತ ಮಾಡೀ ಏನ? ಯಾರಿಗೆ ಮಾಡಾಕತ್ತೇವಿ ನಾವು ಇದೆಲ್ಲಾ?" ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕೈ ತೊಳೆದುಕೊಂಡ, ಸಾವಕಾಶ, ಒಂದೊಂದೇ ಬೆರಳು.

ಗಲಾಟೆ ಕೇಳಿ ಅವ್ವ ಬಂದಳು. ಅವನು ಉಣ್ಣುವ ಹೊತ್ತಿನಲ್ಲಿ ಅವಳು ಹಿತ್ತಲಿಗೆ ಕಾಲಿಟ್ಟದ್ದು ಅದೇ ಮೊದಲು. ಖಾಲಿ ಬಟ್ಟಲನ್ನು ನೋಡಿದಳು, ದೂರ ನಿಂತ ನಾಯಿಯನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಯಾಕೋ ತಮ್ಮಾ?" ಎಂದಳು.

"ಪಥ್ಯ ಮಾಡಾಕತ್ತೇನವ್ವ," ಎಂದ ಅವನು. "ನಿನ್ನ ಔಷಧಿ ನಮಗ ಹತ್ತೂದಿಲ್ಲ. ಡಾಕ್ಟರೂ ಬ್ಯಾಡ ಅಂದಾರ. ಪಥ್ಯಾನರ ಮಾಡೂಣಂತ. ಎಷ್ಟ್ ಮಂದಿ ಆರಾಮಾಗಿ ಹೋಗ್ಯಾರ ನಮ್ಮ ಕಟ್ಟಿ ಮ್ಯಾಲಿಂದ. ನಾ ನೋಡೇನಲ್ಲ."

"ನಾ ನಿನಗ ಹೇಳಿದ್ನೇನೋ? ಪಥ್ಯ ಮಾಡಂತ ನಾ ಹೇಳಿದ್ನೇನೋ ನಿನಗ?"

"ನನಗ ಯಾಕ ಹೇಳಬೇಕವ್ವ. ಊರಿಗೆಲ್ಲಾ ಹೇಳ್ತಿದ್ದಿ. ಸಣ್ಣಾಂವ ಇದ್ದಾಗಿಂದ ಕೇಳಾಕತ್ತೇನಿ."

ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಉಟ್ಟ ಸೀರೆಗೆ ರಾಡಿ ಹತ್ತುವುದೂ ಗೊತ್ತಾಗಲಿಲ್ಲ. ನಾನು ಹಿಂದೊಮ್ಮೆ ಅವಳ ಜೊತೆ ಮಾಡಿದ ವಾದದಲ್ಲಿ ಅವತ್ತು ಗೆದ್ದುಬಿಟ್ಟಿದ್ದೆ. ಅಂಥ ಗೆಲುವು ಶತ್ರುವಿಗೂ ಬೇಡ. ಅವಳ ರಟ್ಟೆ ಹಿಡಿದು ಎಬ್ಬಿಸಲು ಹೋದರೆ ಕೈ ಕೊಸರಿಕೊಂಡಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಎದ್ದು, ಗಲಾಟೆಗೆ ಓಡಿಬಂದಿದ್ದ ಸೊಸೆಯ ಕೈಯಿಂದ ಬುಟ್ಟಿ ಕಿತ್ತುಕೊಂಡು, ಉಳಿದಿದ್ದ ತತ್ತಿಗಳನ್ನು ತಾನೇ ಒಳಗೆ ಒಯ್ದಳು. ಅಡಿಗೆಮನೆಯ ಒಲೆಯ ಮೇಲೆ, ನಮ್ಮ ಅನ್ನದ ಪಾತ್ರೆಯಲ್ಲಿ ಕುದಿಸಿದಳು. ಸಿಪ್ಪೆ ಬಿಡಿಸಲು ಅವಳಿಗೆ ಬರಲಿಲ್ಲ. ಬಿಸಿ ಬಿಸಿ ಇರುವಾಗಲೇ ಉಗುರಿನಿಂದ ಕೆರೆದಳು, ಬೆರಳು ಸುಟ್ಟುಕೊಂಡಳು. ಮಗನನ್ನು ಒಲೆಯ ಎದುರಿಗೇ ಕೂರಿಸಿಕೊಂಡು, ಸಣ್ಣ ಸಣ್ಣ ತುಂಡು ಮಾಡಿ, ಉಪ್ಪಿಲ್ಲದೆ, ಬಾಯಿಗಿಟ್ಟಳು. ನಲವತ್ತು ದಾಟಿದ ಗಂಡಸು ಬಾಯಿ ತೆರೆದು ತೆರೆದು ನುಂಗಿದ. ವಾಕರಿಕೆ ಬಂದರೂ ತಡೆದುಕೊಂಡ. "ಉಣ್ಣಪ್ಪ, ನಾ ಹೇಳಿದ್ದೆಲ್ಲಾ ಸುಳ್ಳು, ಉಣ್ಣು," ಎಂದು ಅವ್ವ ಹೇಳುತ್ತಲೇ ಇದ್ದಳು. ತನ್ನ ಹಿರಿಯರಿಂದ ಬಂದದ್ದನ್ನು, ಅಷ್ಟು ವರ್ಷ ಗತ್ತಿನಿಂದ ಹೇಳಿದ್ದನ್ನು, ಸುಳ್ಳು ಎಂದು ಅವಳ ಬಾಯಿಂದಲೇ ಕೇಳುವುದು ನನ್ನಿಂದಾಗಲಿಲ್ಲ. ನಾನು ಎದ್ದು ಹೊರಗೆ ಬಂದೆ.

ಅಲ್ಲಿಂದ ಮುಂದೆ ಅವನು ಎಲ್ಲವನ್ನೂ ಉಂಡ. ಹಾಲು ಕುಡಿ ಎಂದರೆ ಹಾಲು, ಬೇಳೆ ಎಂದರೆ ಬೇಳೆ. ಅವ್ವನ ಮುಖ ನೋಡಿಕೊಂಡು ಉಣ್ಣುತ್ತಿದ್ದ, ರುಚಿಗಲ್ಲ, ಹಸಿವಿಗಲ್ಲ. ಎಷ್ಟೋ ಸಲ ಒಳಗೆ ಹೋದದ್ದು ಅಷ್ಟೇ ಬೇಗ ಹೊರಗೆ ಬರುತ್ತಿತ್ತು. ಅವ್ವ ಒರೆಸಿ, ಅವನ ಬಾಯಿ ತೊಳೆದು, ಮತ್ತೆ ಬಟ್ಟಲು ತರುತ್ತಿದ್ದಳು. ನಮ್ಮ ಅಡಿಗೆಮನೆಯಲ್ಲಿ ತತ್ತಿಯ ವಾಸನೆ ನಿಂತುಹೋಯಿತು. ಭಾನುವಾರ ಬಂದವರಿಗೆ ಆ ವಾಸನೆ ಬಡಿದಿರಬೇಕು, ಯಾರೂ ತುಟಿ ಎರಡು ಮಾಡಲಿಲ್ಲ. ಸವಣೂರಿನ ಎಲೆತೋಟದ ಸಾಹೇಬರೊಬ್ಬರು, ಅವನು ಹುಡುಗನಾಗಿದ್ದಾಗಿನಿಂದ ಎಲೆ ಕೊಟ್ಟವರು, ಒಂದು ದಿನ ನೋಡಲು ಬಂದರು. "ಬೇಟಾ, ನಿನ್ನ ಪಾಲಿನ ಎಲಿ ಯಾರಿಗೂ ಕೊಟ್ಟಿಲ್ಲ. ಆರಾಮಾಗಿ ಬಾ," ಎಂದು ಅವನ ಅಂಗೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ತಮ್ಮ ನಕ್ಕ. ಆ ನಗೆಯಲ್ಲಿ ಹಲ್ಲೂ ಹಳದಿ ಕಂಡವು.

ಜ್ವರ ಬಂದು ಮತ್ತೆ ಹುಬ್ಬಳ್ಳಿಗೆ ಸೇರಿಸಿದಾಗ ಸ್ಕ್ಯಾನ್ ತೆಗೆದರು. ಉಳಿದ ಪಾಲು ಬೆಳೆದಿತ್ತು, ಆದರೆ ಬದುಕಿಗೆ ಸಾಲುವಷ್ಟು ಬೆಳೆದಿರಲಿಲ್ಲ. ಹೊಟ್ಟೆಯ ನೀರಿಗೆ ನಂಜೇರಿತ್ತು. ಬೇರೆಯವರ ಲಿವರಿನ ಪಾಲು ಹಾಕುವ ಮಾತನ್ನು ನಾನೇ ಎತ್ತಿದೆ. ನನ್ನದನ್ನೇ ತೆಗೆದುಕೊಳ್ಳಿ ಎಂದೆ. ಇಷ್ಟು ನಂಜು ಇರುವಾಗ ಆಗುವುದಿಲ್ಲ, ಮೈ ತಾಳುವುದಿಲ್ಲ ಎಂದರು. ನಾನು ಡಾಕ್ಟರಿಗೆ ಹಿತ್ತಲಿನ ಕತೆಯನ್ನೆಲ್ಲ ಹೇಳಿದೆ, ಉಂಡಿದ್ದರೆ ಬೆಳೆಯುತ್ತಿತ್ತೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಹೇಳಾಕ ಬರೂದಿಲ್ರಿ. ಉಳಿದ ಪಾಲೂ ವೈರಸ್ಸಿನಿಂದ ಒಳಗ ಗಟ್ಟಿ ಆಗಿತ್ತು. ಹಂಗಿದ್ದದ್ದು ಚಲೋ ಬೆಳೆಯೂದಿಲ್ಲ. ಉಂಡಿದ್ರ ಅನುಕೂಲ ಆಗ್ತಿತ್ತು, ಖರೆ. ಎಷ್ಟು ಅನುಕೂಲ ಅಂತ ಕೇಳಬ್ಯಾಡ್ರಿ, ನನಗ ಗೊತ್ತಿಲ್ಲ."

ಆ ವಾರವೇ ತಮ್ಮ ತೀರಿಕೊಂಡ. ಕೊನೆಕೊನೆಗೆ ಮಾತು ತೊದಲುತ್ತಿತ್ತು, ಯಾರನ್ನೂ ಗುರುತಿಸಲಿಲ್ಲ. ಗುರುತಿಸುತ್ತಿದ್ದ ದಿನಗಳಲ್ಲಿ ನಾನು ಅವನಿಗೆ ಒಂದಾದರೂ ಮೆತ್ತಗಿನ ಮಾತು ಹೇಳಿದ್ದೆನೇ ಎಂದು ನೆನೆಯುತ್ತೇನೆ, ನೆನಪಿಗೆ ಬರುವುದು ಉಣ್ಣು, ಉಣ್ಣು ಎಂಬುದೊಂದೇ. ಇಲಿಯಾಗಿ ಹುಟ್ಟಿದ್ದರೆ ನನ್ನ ತಮ್ಮ ಬದುಕುತ್ತಿದ್ದ. ಹೀಗೆ ಬರೆಯುವುದು ಹುಚ್ಚುತನವೆಂದು ಗೊತ್ತಿದೆ. ನನಗೆ ಹಾಗೆ ಅನ್ನಿಸಿದ್ದು ನಿಜ, ಅದಕ್ಕೇ ಬರೆದಿದ್ದೇನೆ. ಆ ಗುಳಿಗೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಬಂದ ದಿನ ನನ್ನ ಅಂಗಡಿಯ ಕಪಾಟಿನಲ್ಲೂ ಇಡಬೇಕಾಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಗಿರಾಕಿಗೆ ಕೊಡುವಾಗ ನನಗೆ ಏನಾಗುತ್ತದೋ ತಿಳಿಯದು.

ತಮ್ಮನ ದಿವಸದ ಕಾರ್ಯಗಳೆಲ್ಲ ಮುಗಿದ ಮೇಲಿನ ಒಂದು ಭಾನುವಾರ ನಾನು ತಿಳವಳ್ಳಿಯಲ್ಲೇ ಇದ್ದೆ. ಸಾವಿನ ಸುದ್ದಿ ತಿಳಿಯದ ಒಬ್ಬ ಹೆಣ್ಣುಮಗಳು ಬಂಕಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಬುರ್ಖಾದ ಮರೆಯಲ್ಲಿ ಐದಾರು ವರ್ಷದ ಮಗಳು, ಕಣ್ಣು ಅರಿಷಿಣ ಹಚ್ಚಿದಂತೆ. ಅವ್ವ ಕಟ್ಟೆಯ ಮೇಲೆ ಬಂದು ಕೂತಳು. ಮಗುವಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ನೋಡಿದಳು. ಯಾವಾಗಲೂ ಮಾಡುವಂತೆಯೇ ಎಲ್ಲ ಮಾಡಿದಳು. ಆಮೇಲೆ ಕೈ ಮುಗಿದಳು.

"ಔಷಧಿ ಕೊಡೂದು ಬಿಟ್ಟೇನವಾ. ಕೂಸನ್ನ ದವಾಖಾನಿಗೆ ಕರ್ಕೊಂಡು ಹೋಗು."

"ಹಂಗ ಅನಬ್ಯಾಡ್ರೀ ಅವ್ವಾರ. ನಮ್ಮ ಅಮ್ಮೀಗೂ ನೀವ ಕೊಟ್ಟಿದ್ರಿ. ಪಥ್ಯಾ ಏನ್ ಹೇಳ್ತೀರಿ ಅದನ್ನ ಬರೋಬ್ಬರಿ ಮಾಡ್ತೇನ್ರಿ."

"ಪಥ್ಯಾ ಇಲ್ಲ!" ಅವ್ವನ ಧ್ವನಿ ಒಮ್ಮೆಲೇ ಏರಿತು. ಮಗು ಹೆದರಿ ತಾಯಿಯ ಬುರ್ಖಾದೊಳಗೆ ಮುಖ ಹುದುಗಿಸಿತು. ಅವ್ವ ಧ್ವನಿ ಇಳಿಸಿಕೊಂಡಳು. "ಪಥ್ಯಾ ಏನೂ ಇಲ್ಲವಾ. ಏನ್ ಬೇಡ್ತೈತಿ ಅದನ್ನ ಉಣ್ಸು. ತತ್ತಿ ಉಣ್ಸು. ಹೊಟ್ಟಿ ತುಂಬ ಉಣ್ಸು."

ಆ ತಾಯಿ ಏನೂ ತಿಳಿಯದೆ ನನ್ನ ಕಡೆ ನೋಡಿದಳು. ದವಾಖಾನೆಗೆ ಇವತ್ತೇ ಹೋಗಬೇಕೆಂದು ಹೇಳಿ, ಚಹಾ ಕೊಟ್ಟು ಕಳಿಸಿದೆ. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತ ಅವಳು ಎರಡು ಸಲ ತಿರುಗಿ ನಮ್ಮ ಮನೆಯನ್ನು ನೋಡಿದಳು. ದವಾಖಾನೆಗೇ ಹೋದಳೋ, ಇನ್ನೊಂದು ಊರಿನ ಇನ್ನೊಂದು ಕಟ್ಟೆಗೆ ಹೋದಳೋ ಗೊತ್ತಿಲ್ಲ.

ಅವರು ಹೋದ ಮೇಲೂ ಅವ್ವ ಏಳಲಿಲ್ಲ. ನಾನು ಬಂದು ಅವಳ ಮಗ್ಗುಲಿಗೆ ಕೂತೆ. ಅವಳು ಕೇಳಿದಳು. "ನೀ ಓದೀ. ನನಗ ಹೇಳು. ಮೊದಲಿಂದ ಉಂಡಿದ್ರ ಬೆಳೀತಿತ್ತೇನ?"

"ಇಲ್ಲವ್ವ," ಎಂದೆ ನಾನು. "ಅದು ಮೊದಲ ಕೆಟ್ಟಿತ್ತು. ಏನ್ ಉಂಡಿದ್ರೂ ಬೆಳೀತಿರಲಿಲ್ಲ."

ನನಗೆ ಅದನ್ನು ಹೇಳಲು ಕಷ್ಟವಾಗಲಿಲ್ಲ. ಧೈರ್ಯ ಕೇಳಿಕೊಂಡು ಬಂದವರಿಗೆ ಧೈರ್ಯ ಹೇಳಿ ಅಭ್ಯಾಸವಾದ ನಾಲಿಗೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ನಾ ನಿನ್ನ ಅಂಗಡಿ ಗಿರಾಕಿ ಅಲ್ಲ," ಎಂದಳು.

ನಾನು ತಲೆ ತಗ್ಗಿಸಿದೆ. "ಗೊತ್ತಿಲ್ಲವ್ವ," ಎಂದೆ. "ಡಾಕ್ಟರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗೂದಿಲ್ಲ."

ಅವ್ವ ಅಳಲಿಲ್ಲ. ಸೆರಗಿನಿಂದ ಕಟ್ಟೆಯ ಮೇಲಿನ ಧೂಳನ್ನು ಒರೆಸಿದಳು, ಮಗು ಕೂತಿದ್ದ ಜಾಗವನ್ನು. ನನಗೆ ಹೇಳುವಂತಲ್ಲ, ಓಣಿಗೆ ಹೇಳುವಂತೆ ಹೇಳಿದಳು.

"ಮಂದಿ ಎಲ್ಲಾ ಮನಿಗೆ ಹೋಗಿ ಕದ್ದು ಉಣ್ತಿದ್ರು. ನನಗ ಗೊತ್ತಿರಲಿಲ್ಲೇನು, ಗೊತ್ತಿತ್ತು. ಯಾರೂ ನಾ ಹೇಳಿದಂಗ ಮಾಡಲಿಲ್ಲ. ನನ್ನ ಪಥ್ಯ ಪೂರಾ ಮಾಡಿದಾಂವ ಅವನೊಬ್ಬನ."